ಕಮಲಾಪುರದ ಕೆಂಪು ಬಾಳೆ ಕ್ಯಾನ್ವಾಸಿಗೆ ಬಂದಾಗ

ಮದುವೆಯಾಗಿ ಕೋಟನೂರಿಗೆ ಬಂದು 18 ವರ್ಷಗಳಾದವು. ಅಷ್ಟೂ ವರ್ಷ ನಾನು ಕುಂಚ ಹಿಡಿಯಲಿಲ್ಲ. ಮಗಳು ಬಣ್ಣದ ಡಬ್ಬಿ ತೆರೆದಾಗಲೆಲ್ಲ ಕೈ ಅತ್ತ ಹೋಗುತ್ತಿತ್ತು. 'ಈ ವಯಸ್ಸಿನಲ್ಲಿ ಇದೆಲ್ಲ ಏಕೆ?' ಎಂದಾರೆಂಬ ಹೆದರಿಕೆಯಿಂದ ಸುಮ್ಮನಾಗುತ್ತಿದ್ದೆ.

ಒಮ್ಮೆ ಬೀದರಿನಿಂದ ಮರಳುವಾಗ ಕಮಲಾಪುರದ ಬಳಿ ರಸ್ತೆಬದಿಯಲ್ಲಿ ಕೆಂಪು ಬಾಳೆಹಣ್ಣಿನ ರಾಶಿ ಕಂಡಿತು. ಭೌಗೋಳಿಕ ಗುರುತು ಪಡೆದ ನಮ್ಮ ಜಿಲ್ಲೆಯ ಹೆಮ್ಮೆಯ ಹಣ್ಣದು. ತಾಡಪಾಲಿನ ನೆರಳು, ಬುಟ್ಟಿ, ತಕ್ಕಡಿ, ಆಚೆಗೆ ಸುಡುಬಿಸಿಲು. "ಒಂದು ಡಜನ್ ಒಯ್ರಿ ಅಕ್ಕಾ" ಎಂದಳು ಮಾರುವಾಕೆ. ಹಣ್ಣು ಕೊಂಡು, ಅವಳನ್ನು ಕೇಳಿಯೇ ಒಂದು ಫೋಟೋ ತೆಗೆದುಕೊಂಡೆ. ತೈಲವರ್ಣದ ನನ್ನ ಮೊದಲ ಪಾಠ ಅದೇ ಆಯಿತು.

ತೈಲವರ್ಣ ನಮಗೆ ದೂರದ್ದೇನಲ್ಲ. ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರಗಳಿಂದ ದೇಶಕ್ಕೆ ಪರಿಚಿತರಾದ ಎಸ್.ಎಂ. ಪಂಡಿತ್ (1916-1993) ಕಲಬುರಗಿಯವರೇ. ಬಣ್ಣದಲ್ಲಿರುವ ಎಣ್ಣೆಯೂ ನಾವು ಹಿಂಡಿ ಕುಟ್ಟುವ ಅಗಸಿಯದೇ. ಅದು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಆದ್ದರಿಂದ ಇಲ್ಲಿ ಅವಸರ ನಡೆಯದು.

ಇದು ತಿಳಿಯದೆ ನಾನು ಹಸಿ ಬಣ್ಣದ ಮೇಲೆಯೇ ಬಣ್ಣ ಬಳಿದೆ. ನೆರಳಿಗೆಂದು ಕಪ್ಪು ಸುರಿದೆ. ಅತ್ತೆ ನೋಡಿ, "ಬದನೆಕಾಯಿ ಚೆನ್ನಾಗಿವೆ" ಎಂದರು. ನಾಚಿಕೆಯಾಗಿ ಕ್ಯಾನ್ವಾಸನ್ನು ಟ್ರಂಕಿನ ಹಿಂದೆ ಅಡಗಿಸಿಟ್ಟೆ. ತಿಂಗಳಾದ ಮೇಲೆ ಅದನ್ನು ಹೊರತೆಗೆದವಳು ಮಗಳು. "ಅಮ್ಮಾ, ನನಗೆ ಗಣಿತ ತಪ್ಪಿದರೆ ಮತ್ತೆ ಮಾಡು ಎನ್ನುತ್ತೀಯಲ್ಲ?" ಎಂದಳು.

ಎರಡನೆಯ ಸಲ ಹೀಗೆ ಮಾಡಿದೆ. ಫೋಟೋ ಮೇಲೂ ಕ್ಯಾನ್ವಾಸಿನ ಮೇಲೂ ಅಷ್ಟಷ್ಟೇ ಚೌಕಗಳನ್ನು ಗೆರೆ ಎಳೆದು, ಒಂದೊಂದು ಚೌಕವನ್ನೇ ನೋಡಿ ಬರೆದೆ. ಟರ್ಪೆಂಟೈನ್‌ನಲ್ಲಿ ತೆಳುವಾಗಿಸಿದ ಕಂದು ಬಣ್ಣದಿಂದ ಬೆಳಕು-ನೆರಳು ಗುರುತಿಸಿ ಒಣಗಲು ಬಿಟ್ಟೆ. ಹಣ್ಣಿಗೆ ಕ್ರಿಮ್ಸನ್ ಜೊತೆ ಬರ್ಂಟ್ ಸಿಯೆನ್ನಾ ಬೆರೆಸಿದೆ. ನೆರಳಿಗೆ ಕಪ್ಪಿನ ಬದಲು ಚೂರು ಅಲ್ಟ್ರಾಮರೀನ್ ನೀಲಿ, ಬಿಸಿಲು ಬಿದ್ದ ಕಡೆ ಹಳದಿ ಓಕರ್ ಮತ್ತು ಬಿಳಿ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು ಇರಬೇಕು. ತಿರುಗುಮುರುಗಾದರೆ ಮುಂದೆ ಬಣ್ಣ ಬಿರುಕು ಬಿಡುತ್ತದೆ.

ಮನೆಯಲ್ಲಿ ಎಚ್ಚರವೂ ಬೇಕು. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ. ಒಲೆಯಿಂದಲೂ ಮಕ್ಕಳಿಂದಲೂ ಅದು ದೂರವಿರಲಿ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬೇಡಿ. ತಾವಾಗಿಯೇ ಕಾವೇರಿ ಬೆಂಕಿ ಹತ್ತಬಹುದು. ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಹಾಕಿ ಮುಚ್ಚಿಡಿ.

ಉಳಿದದ್ದು ಮಾರುವಾಕೆಯ ಮುಖ. ಜೀವಿಗಳ ಚಿತ್ರ ಬರೆಯುವುದು ಅತ್ತೆಗೆ ಒಪ್ಪಿಗೆಯಿಲ್ಲ. ಮನೆಯ ಹಿರಿಯರ ಮನಸ್ಸು ನೋಯಿಸಿ ಗೋಡೆಗೆ ಚಿತ್ರ ತೂಗಿ ಏನು ಸುಖ? ಆಕೆ ಕೂತಿದ್ದ ಗೋಣಿಚೀಲ, ತಕ್ಕಡಿ, ಪಕ್ಕದಲ್ಲಿ ಬಿಟ್ಟಿದ್ದ ಸವೆದ ಚಪ್ಪಲಿ ಇಷ್ಟನ್ನೇ ಬರೆದೆ.

ಮುಗಿದ ದಿನ ಅತ್ತೆ ಬಹಳ ಹೊತ್ತು ನೋಡಿದರು. "ಪಾಪ, ಅಂಗಡಿ ಬಿಟ್ಟು ಎಲ್ಲಿ ಹೋದಳು? ನೀರು ಕುಡಿಯಲಿಕ್ಕೇನು?" ಎಂದರು.

ಬರೆಯದೆ ಬಿಟ್ಟ ಆ ಹೆಂಗಸು ಅವರಿಗೆ ಕಂಡಿದ್ದಳು. ಈಗ ಮುಂದಿನ ಕ್ಯಾನ್ವಾಸಿಗೆ ಕೋಣೆಯ ಕಿಟಕಿ ಪಕ್ಕ ಜಾಗ ಮಾಡಿಕೊಟ್ಟವರೂ ಅವರೇ. ನಿಮ್ಮ ಟ್ರಂಕಿನ ಹಿಂದೆಯೂ ಅಂಥದ್ದೊಂದು ಅಡಗಿದ್ದರೆ, ಹೊರತೆಗೆಯಿರಿ ಸಹೋದರಿಯರೇ.