ಪ್ರಾದೇಶಿಕ ಚಲನಚಿತ್ರೋತ್ಸವ ಮತ್ತು ನಿರ್ದೇಶಕ: ಜಾತ್ರೆಯ ನೆರವಿಯ ಹಿನ್ನೆಲೆಯಲ್ಲಿ

ಕಲೆಯೊಂದು ಬಾಳಬೇಕಾದರೆ ಕಲಾವಿದನ ಪ್ರತಿಭೆಯಷ್ಟೇ ನೋಡುವವರ ನೆರವಿಯೂ ಮುಖ್ಯ. ಜನಪದ ಸಮಾಜ ಈ ನೆರವಿಯನ್ನು ಜಾತ್ರೆಯ ರೂಪದಲ್ಲಿ ಕಟ್ಟಿಕೊಂಡಿದೆ. ಇಂದಿನ ವಿಜಯನಗರ ಜಿಲ್ಲೆಗೆ ಸೇರಿದ ಉಜ್ಜಿನಿಯ ಮರುಳಸಿದ್ಧೇಶ್ವರ ಗುಡಿಯ ಶಿಖರ ತೈಲಾಭಿಷೇಕ, ಕೊಟ್ಟೂರೇಶ್ವರನ ತೇರು, ಹಡಗಲಿ ಸೀಮೆಯ ಮೈಲಾರದ ಕಾರ್ಣಿಕ ಇವು ಅದಕ್ಕೆ ನಿದರ್ಶನಗಳು. ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದು ಮಾತನ್ನು ಜನ ಕೇಳುತ್ತಾರೆ. ಮಳೆಬೆಳೆಗೆ, ರಾಜಕೀಯಕ್ಕೆ ಅನ್ವಯಿಸಿ ಅದನ್ನು ಅರ್ಥೈಸುತ್ತಾರೆ. ತಮ್ಮ ತಮ್ಮ ಊರಿಗೆ ಒಯ್ಯುತ್ತಾರೆ. ಕೇಳುವುದು, ಅರ್ಥೈಸುವುದು, ಊರಿಗೆ ಒಯ್ಯುವುದು ಎಂಬ ಈ ಮೂರು ಕ್ರಿಯೆಗಳು ಆಧುನಿಕ ಚಲನಚಿತ್ರೋತ್ಸವವನ್ನು ಅಳೆಯಲು ಉಪಯುಕ್ತವಾದ ಮಾನದಂಡಗಳಾಗಿವೆ.

ಬಯಲಾಟದ ಉದಾಹರಣೆಯಿಂದ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಸುಗ್ಗಿ ಮುಗಿದ ಮೇಲೆ ರಂಗಕ್ಕೆ ಬರುವ ಆಟಕ್ಕೆ ತಿಂಗಳುಗಟ್ಟಲೆ ತಾಲೀಮು ನಡೆದಿರುತ್ತದೆ. ಆಟದ ನಡುವೆ ಹೆಸರು ಕೂಗಿ ಕೊಡುವ ಆಯೇರಿ ಹಣದ ಲೆಕ್ಕದಲ್ಲಿ ದೊಡ್ಡದಲ್ಲ. ಅದು ಬಲ್ಲವರ ಮುಂದೆ ದೊರೆತ ಬಹಿರಂಗ ಮನ್ನಣೆ. ಚಿತ್ರಮಂದಿರದಲ್ಲಿ ಇಂಥ ಮನ್ನಣೆಗೆ ಅವಕಾಶ ಕಡಿಮೆ. ಅಲ್ಲಿ ಚಿತ್ರದ ಅಳಿವು ಉಳಿವು ಮೊದಲ ವಾರದ ಗಳಿಕೆಯಿಂದ ತೀರ್ಮಾನವಾಗುತ್ತದೆ. ತಾರೆಯರಿಲ್ಲದ, ಒಂದು ಸೀಮೆಯ ಆಡುಮಾತನ್ನೇ ನಂಬಿದ ಚಿತ್ರ ಆ ವಾರವನ್ನು ದಾಟುವುದು ಕಷ್ಟ. ಈ ಕೊರತೆಯನ್ನು ತುಂಬುವ ವ್ಯವಸ್ಥೆಯಾಗಿ ಚಿತ್ರೋತ್ಸವ ನಿರ್ದೇಶಕನಿಗೆ ಅಗತ್ಯವಾಗುತ್ತದೆ.

ಕರ್ನಾಟಕದಲ್ಲಿ ಹಳ್ಳಿಯನ್ನೇ ನೆಲೆಯಾಗಿಸಿಕೊಂಡ ಪ್ರಯೋಗಕ್ಕೆ ಹೆಗ್ಗೋಡು ಮಾದರಿ. ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ನೀನಾಸಮ್ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಬೋಧಿಸುತ್ತಿದ್ದ ಸತೀಶ್ ಬಹಾದುರ್ ಅವರ ನೆರವಿನಿಂದ ಅಲ್ಲಿ ಚಿತ್ರ ರಸಗ್ರಹಣ ಶಿಬಿರಗಳು ನಡೆದವು. ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಿಕೆ ತೋಟಗಳ ನಡುವಣ ಆ ಹಳ್ಳಿಯ ಜನ ನೋಡಿದರು, ಚರ್ಚಿಸಿದರು. ಗಂಭೀರ ಚಿತ್ರ ನಗರದವರಿಗೆ ಮಾತ್ರ ಎಂಬ ಗ್ರಹಿಕೆಯನ್ನು ಇದು ಅಲುಗಿಸಿತು. ನೋಡುಗನನ್ನು ಸಿದ್ಧಗೊಳಿಸುವುದೂ ನಿರ್ದೇಶಕನಿಗೆ ಮಾಡುವ ಸಹಾಯವೇ ಎಂಬುದು ಹೆಗ್ಗೋಡಿನ ಪಾಠ.

ರಾಜಧಾನಿಯ ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಸ್ವರೂಪ ಬೇರೆ. 2006ರಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿಯ ಪ್ರಯತ್ನದಿಂದ ಮೊದಲಾದ ಈ ಉತ್ಸವದ ಹೊಣೆಯನ್ನು ಅನಂತರದ ವರ್ಷಗಳಲ್ಲಿ ಕರ್ನಾಟಕ ಚಲನಚಿತ್ರ ಅಕಾಡೆಮಿ ವಹಿಸಿಕೊಂಡಿತು. ಏಷ್ಯಾ ಮತ್ತು ಭಾರತೀಯ ವಿಭಾಗಗಳ ಜೊತೆಗೆ ಕನ್ನಡಕ್ಕೂ ಪ್ರತ್ಯೇಕ ಸ್ಪರ್ಧಾ ವಿಭಾಗವಿರುವುದು ಇದರ ವಿಶೇಷ. ಇಲ್ಲಿ ಆಯ್ಕೆಯಾದ ಚಿತ್ರವನ್ನು ತೀರ್ಪುಗಾರರು, ವಿಮರ್ಶಕರು, ಸಹೋದ್ಯೋಗಿಗಳು ಒಟ್ಟಿಗೆ ನೋಡುತ್ತಾರೆ. ಪ್ರಶಸ್ತಿಗಿಂತಲೂ ಹೆಚ್ಚಾಗಿ, ಮುಂದಿನ ಚಿತ್ರಕ್ಕೆ ನಿರ್ಮಾಪಕರನ್ನು ಕೇಳುವ ಅರ್ಹತೆ ಹೊಸ ನಿರ್ದೇಶಕನಿಗೆ ಒದಗುತ್ತದೆ.

ಈ ಮನ್ನಣೆಯ ಫಲವನ್ನು ಎರಡು ಚಿತ್ರಗಳಲ್ಲಿ ಕಾಣಬಹುದು. ಮಂಡ್ಯ ಸೀಮೆಯ ಹಳ್ಳಿಗರೇ ಪಾತ್ರವಹಿಸಿದ ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಎರಡು ಪ್ರಶಸ್ತಿ ಪಡೆದು, 2016ರಲ್ಲಿ ಚಿತ್ರಮಂದಿರಗಳಿಗೆ ಬಂದಿತು. ಜೈಶಂಕರ್ ಆರ್ಯರ್ ನಿರ್ದೇಶನದ ‘ಶಿವಮ್ಮ ಯರೇಹಂಚಿನಾಳ’ ಉಜ್ಜಿನಿ ಸೀಮೆಗೆ ಇನ್ನೂ ಹತ್ತಿರದ್ದು. ತುಂಗಭದ್ರೆಯ ಆಚೆಗಿನ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ಅಲ್ಲಿಯ ಆಡುನುಡಿಯಲ್ಲೇ ಇದು ರೂಪುಗೊಂಡಿತು. ಶಾಲೆಯ ಬಿಸಿಯೂಟದ ಅಡುಗೆ ಮಾಡುವ ಹೆಣ್ಣುಮಗಳೊಬ್ಬಳು ಜಾಲ ಮಾರಾಟದ ಪಾನೀಯವೊಂದನ್ನು ನಂಬಿ ಹಣ ತೊಡಗಿಸುವ ಕಥೆ ಇದರದು. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಉತ್ಸವದ ‘ನ್ಯೂ ಕರೆಂಟ್ಸ್’ ಪ್ರಶಸ್ತಿಯನ್ನು ಈ ಚಿತ್ರ ಹಂಚಿಕೊಂಡಿತು. ಕರ್ನಾಟಕದ ಚಿತ್ರಮಂದಿರಗಳಲ್ಲಿ ಅದು ತೆರೆಕಂಡದ್ದು 2024ರ ಜೂನ್‌ನಲ್ಲಿ. ತನ್ನ ನುಡಿಯ ನೋಡುಗರನ್ನು ತಲಪುವ ಮೊದಲು ಚಿತ್ರವೊಂದು ಹೊರದೇಶದ ಮನ್ನಣೆಯೊಂದಿಗೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು.

ಮೊದಲು ಹೇಳಿದ ಮಾನದಂಡಗಳ ಪೈಕಿ ಮೂರನೆಯದು ಇಲ್ಲಿ ದುರ್ಬಲವಾಗಿದೆ. ನೋಡುವ ಮತ್ತು ಅರ್ಥೈಸುವ ಕೆಲಸಗಳನ್ನು ನಗರದ ಉತ್ಸವಗಳು ಸಮರ್ಥವಾಗಿ ಮಾಡುತ್ತಿವೆ. ಊರಿಗೆ ಒಯ್ಯುವ ಕೆಲಸ ಉಳಿದಿದೆ. ಇದು ಭಾವನಾತ್ಮಕ ಪ್ರಶ್ನೆಯಲ್ಲ. ಆಡುನುಡಿಯ ಧಾಟಿ, ಗಾದೆಯ ಹಿಂದಿನ ವ್ಯಂಗ್ಯ, ಹಾಡಿನ ಸಂದರ್ಭ ಇವು ಸರಿಯಾಗಿ ಮೂಡಿವೆಯೇ ಎಂಬುದನ್ನು ತೀರ್ಮಾನಿಸಬಲ್ಲವರು ಆ ಸೀಮೆಯ ಜನ. ಅಡಿಬರಹವನ್ನು ಓದಿಕೊಂಡು ನೋಡುವ ತೀರ್ಪುಗಾರರಿಗೆ ಈ ಪರೀಕ್ಷೆ ಸಾಧ್ಯವಿಲ್ಲ. ಊರಿನ ತೀರ್ಪು ದೊರೆಯದಿದ್ದರೆ ನಿರ್ದೇಶಕ ಹೊರಗಿನ ಕಣ್ಣಿಗೆ ಒಪ್ಪುವ ಹಳ್ಳಿಯನ್ನೇ ಮತ್ತೆ ಮತ್ತೆ ಕಟ್ಟುವ ಅಪಾಯವಿದೆ.

ಇದಕ್ಕೆ ಪರಿಹಾರವನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ಜಾತ್ರೆಯ ದಿನಗಳಲ್ಲಿ ಉಜ್ಜಿನಿ, ಕೊಟ್ಟೂರುಗಳಲ್ಲಿ ಜನ ತಾವಾಗಿಯೇ ಸೇರುತ್ತಾರೆ. ರಾಜಧಾನಿಯ ಉತ್ಸವದ ಕನ್ನಡ ವಿಭಾಗದಿಂದ ಆಯ್ದ ಕೆಲವು ಚಿತ್ರಗಳನ್ನು ಅಂಥಲ್ಲಿ ಬಯಲು ಪರದೆಯ ಮೇಲೆ ತೋರಿಸಿ, ನಿರ್ದೇಶಕರನ್ನೂ ಬಯಲಾಟದ ಹಿರಿಯ ಕಲಾವಿದರನ್ನೂ ಮಾತಿಗೆ ಕೂರಿಸುವುದು ಅಕಾಡೆಮಿಗಳಿಗೆ ಅಸಾಧ್ಯವಲ್ಲ. ಆ ಚರ್ಚೆಗಳ ಧ್ವನಿಮುದ್ರಣ ಭಾಷಾ ಅಧ್ಯಯನಕ್ಕೂ ಆಕರವಾಗುತ್ತದೆ. ಹಂಪಿಯನ್ನು ಹೊರಗಿನಿಂದ, ಉಜ್ಜಿನಿಯನ್ನು ಒಳಹೊಕ್ಕು ನೋಡಬೇಕೆಂಬ ಮಾತು ಈ ಭಾಗದಲ್ಲಿದೆ. ಗುಡಿಯ ಶಿಲ್ಪವನ್ನು ಕುರಿತ ಈ ಮಾತು ಪ್ರಾದೇಶಿಕ ಚಿತ್ರಕ್ಕೂ ಸಲ್ಲುತ್ತದೆ. ಹೊರಗಿನ ನೋಟವನ್ನು ಚಿತ್ರೋತ್ಸವ ಈಗಾಗಲೇ ಒದಗಿಸಿದೆ. ಒಳಗಿನ ನೋಟಕ್ಕೆ ಊರಿನ ನೆರವಿ ಬೇಕು.