ನಳಿಗೆ ಹಾಕಿಸಿದರೆ ಗುಳಿಗೆ ಬಿಡಬಹುದೇ?

ಕಳೆದ ಮಳೆಗಾಲದ ಒಂದು ಸಂಜೆ ಖಾನಾಪುರ ತಾಲ್ಲೂಕಿನ ಜಾಂಬೋಟಿಯ ಆಚೆಯ ಹಳ್ಳಿಯಿಂದ ಅರವತ್ತು ದಾಟಿದ ರೈತರೊಬ್ಬರು ಪತ್ನಿಯೊಡನೆ ಬೆಳಗಾವಿಯ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ಆಸ್ಪತ್ರೆಯ ಕಾಗದಪತ್ರ. ನಾಲ್ಕು ತಿಂಗಳ ಹಿಂದೆ ಅವರಿಗೆ ಹೃದಯಾಘಾತವಾಗಿ, ನಗರದ ಆಸ್ಪತ್ರೆಯೊಂದರಲ್ಲಿ ಸ್ಟೆಂಟ್ ಅಳವಡಿಸಿದ್ದರು. ನಮ್ಮ ಕಡೆ ಜನ ಇದಕ್ಕೆ ‘ಸ್ಪ್ರಿಂಗ್ ಹಾಕಿಸೋದು’ ಎನ್ನುತ್ತಾರೆ. ರಕ್ತದ ಒತ್ತಡ ನೋಡಿದೆ: 184/106.

“ಡಾಕ್ಟರ್ರ, ಎದಿಗಿ ಒಂದು ನಳಿಗಿ ಹಾಕಿ ಆರಾಮ ಮಾಡ್ಯಾರ. ಬಿಪಿಗೂ ಹಂಗ ಒಂದು ನಳಿಗಿ ಹಾಕಿಸಿಬಿಟ್ರ ಈ ಗುಳಿಗಿ ಕಾಟ ತಪ್ಪತೈತೇನ್ರಿ?” ಎಂದು ಕೇಳಿದರು. ಪಕ್ಕದಲ್ಲಿದ್ದ ಪತ್ನಿ ಮೆಲ್ಲಗೆ ಹೇಳಿದರು: “ಮೂರು ವಾರ ಆತ್ರಿ, ಒಂದೂ ಗುಳಿಗಿ ಮುಟ್ಟಿಲ್ಲ.”

ಅವರ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡುವಂತಿಲ್ಲ. ಬಿಪಿಗೂ ನಳಿಗೆಯ ಚಿಕಿತ್ಸೆ ಇರುವುದು ನಿಜ. ಆದರೆ ಅದು ಯಾರಿಗೆ, ಎಷ್ಟರಮಟ್ಟಿಗೆ ಎಂಬುದನ್ನು ತಿಳಿಯಬೇಕಾದರೆ ಈ ನಳಿಗೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಮೊದಲು ನೋಡಬೇಕು.

ಕಾಲಿನಿಂದ ಹೃದಯಕ್ಕೆ

ವೈದ್ಯರು ಕ್ಯಾತೆಟರ್ ಎನ್ನುವ ಈ ನಳಿಗೆ ಸುಮಾರು 2 ಮಿಲಿಮೀಟರ್ ದಪ್ಪದ, ಬಾಗುವ, ಉದ್ದನೆಯ ಕೊಳವೆ. ಮಣಿಕಟ್ಟಿನ ಅಥವಾ ತೊಡೆಸಂದಿಯ ಶುದ್ಧ ರಕ್ತನಾಳದ ಮೂಲಕ ಇದನ್ನು ಒಳಸೇರಿಸಿ, ಎಕ್ಸ್‌ರೇ ಪರದೆಯ ಮೇಲೆ ನೋಡುತ್ತ ಬೇಕಾದ ಜಾಗಕ್ಕೆ ನಡೆಸುತ್ತಾರೆ. ಚರ್ಮ ಜೋಮು ಹಿಡಿಸಿದರೆ ಸಾಕು, ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕಿಲ್ಲ.

ಮುಚ್ಚಿದ ನಾಳವನ್ನು ಹೀಗೆ ತೆರೆದ ಮೊದಲಿಗರು ಅಮೆರಿಕದ ಪೋರ್ಟ್‌ಲ್ಯಾಂಡಿನ ಡಾ. ಚಾರ್ಲ್ಸ್ ಡಾಟರ್. 1964ರಲ್ಲಿ ಅವರ ಬಳಿ ಬಂದ 82 ವರ್ಷದ ಅಜ್ಜಿಯ ಕಾಲ್ಬೆರಳು ಕೊಳೆಯತೊಡಗಿದ್ದವು. ಕಾಲು ಕತ್ತರಿಸಲು ಆಕೆ ಒಪ್ಪಲಿಲ್ಲ. ಡಾಟರ್ ಒಂದಕ್ಕಿಂತ ಒಂದು ದಪ್ಪನೆಯ ನಳಿಗೆ ತೂರಿಸಿ ನಾಳವನ್ನು ಹಿಗ್ಗಿಸಿದರು, ಕಾಲು ಉಳಿಯಿತು. ಮುಂದೆ ಡಾ. ಆಂಡ್ರಿಯಾಸ್ ಗ್ರುಂಟ್‌ಸಿಗ್ ನಳಿಗೆಯ ತುದಿಗೆ ಪುಟ್ಟ ಬಲೂನ್ ಕಟ್ಟುವ ಉಪಾಯ ಕಂಡುಕೊಂಡರು. ತಮ್ಮ ಮನೆಯ ಅಡುಗೆ ಮನೆಯಲ್ಲೇ ಆ ಬಲೂನುಗಳನ್ನು ತಯಾರಿಸಿದ ಅವರು, 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ 38 ವರ್ಷದ ರೋಗಿಯ ಹೃದಯದ ನಾಳವನ್ನು ಹಿಗ್ಗಿಸಿದರು. ಹಿಗ್ಗಿಸಿದ ನಾಳ ಮತ್ತೆ ಕುಗ್ಗದಂತೆ ಆಧಾರ ಕೊಡುವ ಲೋಹದ ಜಾಲರಿ, ಅಂದರೆ ಸ್ಟೆಂಟ್, ಮನುಷ್ಯರ ಹೃದಯಕ್ಕೆ ಬಂದದ್ದು 1986ರಲ್ಲಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಕಾಲುವೆಯ ಹೂಳೆತ್ತಿದಂತೆ ನಾಳದ ಕೊಬ್ಬನ್ನು ಹೊರತೆಗೆಯುತ್ತಾರೆ ಎಂದು ಬಹಳ ಜನ ಭಾವಿಸಿದ್ದಾರೆ. ಹಾಗಲ್ಲ. ಕೊಬ್ಬು ಕೂಡುವುದು ನಾಳದ ಗೋಡೆಯೊಳಗೆ. ಬಲೂನ್ ಅದನ್ನು ಗೋಡೆಗೇ ಒತ್ತಿ ದಾರಿ ಮಾಡುತ್ತದೆ, ಅಷ್ಟೆ. ಒಂದೂವರೆ ಅಂಗುಲ ಜಾಗ ತೆರೆದುಕೊಳ್ಳುತ್ತದೆ. ಉಳಿದ ನಾಳಗಳಲ್ಲಿ, ಮಿದುಳಿನಲ್ಲಿ, ಮೂತ್ರಪಿಂಡದಲ್ಲಿ ರೋಗ ತನ್ನ ಕೆಲಸ ಮುಂದುವರಿಸುತ್ತಲೇ ಇರುತ್ತದೆ. ಅದನ್ನು ತಡೆಯುವುದು ಗುಳಿಗೆ, ಊಟ, ನಡಿಗೆ ಮತ್ತು ತಂಬಾಕು ಬಿಡುವುದು.

ಗಡಿಯಾರದ ಕೆಲಸ

ಹೃದಯಾಘಾತದ ಮಾತು ಬೇರೆ. ಆಗ ನಾಳ ಹೆಪ್ಪುಗಟ್ಟಿದ ರಕ್ತದಿಂದ ಒಮ್ಮೆಲೇ ಮುಚ್ಚಿರುತ್ತದೆ, ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ಬೇಗನೆ ಬಲೂನ್ ಹಾಕಿ ತೆರೆದರೆ ಜೀವ ಉಳಿಯುತ್ತದೆ, ಇದರಲ್ಲಿ ಎರಡು ಮಾತಿಲ್ಲ. ಖಾನಾಪುರ ಪಟ್ಟಣದಿಂದ ಬೆಳಗಾವಿಗೆ ಗಂಟೆಯೊಳಗೆ ಬರಬಹುದು. ಆದರೆ ಕಣಕುಂಬಿಯ ಸುತ್ತಲಿನ, ಭೀಮಗಡದ ಕಾಡಿನೊಳಗಿನ ಹಳ್ಳಿಗಳ ಜನರಿಗೆ ಆಷಾಢದ ಮಳೆಯಲ್ಲಿ ಡಾಂಬರು ರಸ್ತೆ ಮುಟ್ಟುವುದೇ ಒಂದು ಸಾಹಸ. ಎರಡು ಗಂಟೆಯೊಳಗೆ ಬಲೂನ್ ಚಿಕಿತ್ಸೆ ಸಿಗುವಂತಿಲ್ಲದಿದ್ದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಹತ್ತಿರದಲ್ಲೇ ಮೊದಲು ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸುವುದು ಸರಿಯಾದ ಕ್ರಮ. ರಾಜ್ಯ ಸರ್ಕಾರದ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯ ಉದ್ದೇಶವೂ ಇದೇ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ, ಬೇಕೆನಿಸಿದರೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ ಎಂದು ಆರೋಗ್ಯವಾಗಿದ್ದಾಗಲೇ ಕೇಳಿಟ್ಟುಕೊಳ್ಳಿ.

ನನ್ನ ಅನುಭವದಲ್ಲಿ ರಸ್ತೆಗಿಂತ ಹೆಚ್ಚು ಹೊತ್ತು ತಿನ್ನುವುದು ‘ಗ್ಯಾಸ್ ಆಗಿರಬೇಕು’ ಎಂಬ ಮಾತು. ಸೋಡಾ ಕುಡಿದು, ಓಮಿನ ಕಾಳು ಅಗಿದು, ಬೆಳಗಾಗಲಿ ಎಂದು ಕಾಯುತ್ತಾರೆ. ಎದೆಯ ನಡುವೆ ಒತ್ತಿ ಹಿಡಿದಂಥ ನೋವು, ಜೊತೆಗೆ ಬೆವರು, ಉಬ್ಬಸ ಬಂದರೆ 108ಕ್ಕೆ ಕರೆ ಮಾಡಿ. ಮಧುಮೇಹಿಗಳಿಗೆ ನೋವಿಲ್ಲದೆ ಬರಿಯ ಬೆವರು, ಸುಸ್ತು ಕಾಣಿಸಬಹುದೆಂಬುದನ್ನೂ ಮರೆಯಬೇಡಿ.

ಆತುರವಿಲ್ಲದ ತಡೆ

ನಡೆದಾಗ ಎದೆ ಹಿಡಿದು, ನಿಂತರೆ ಬಿಡುವಂಥ ನೋವು ತಿಂಗಳುಗಟ್ಟಲೆ ಒಂದೇ ಸಮನಾಗಿರುವವರ ಸ್ಥಿತಿ ಇದಕ್ಕಿಂತ ಭಿನ್ನ. ಆಂಜಿಯೋಗ್ರಾಂನಲ್ಲಿ ‘80 ಪರ್ಸೆಂಟ್ ಬ್ಲಾಕ್’ ಎಂದೊಡನೆ ಮನೆಯವರ ಕೈಕಾಲು ತಣ್ಣಗಾಗುತ್ತದೆ. ಅಂದೇ ರಾತ್ರಿ ಹೊಲ ಒತ್ತೆ ಇಟ್ಟವರನ್ನು ಬಲ್ಲೆ. ಭಾರತವೂ ಸೇರಿ 37 ದೇಶಗಳ 5,179 ರೋಗಿಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಅಧ್ಯಯನದಲ್ಲಿ, ಇಂಥವರಿಗೆ ಆರಂಭದಲ್ಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ್ದರಿಂದ ಸಾವು ಕಡಿಮೆಯಾಗಲಿಲ್ಲ. ಎದೆನೋವು ಮಾತ್ರ ಚೆನ್ನಾಗಿ ತಗ್ಗಿತು. ಎಡಭಾಗದ ಮುಖ್ಯ ನಾಳವೇ ಕಿರಿದಾದವರಿಗೆ, ಹೃದಯದ ಪಂಪು ಬಹಳ ಸೋತವರಿಗೆ, ಗುಳಿಗೆಗೆ ನೋವು ಬಗ್ಗದವರಿಗೆ ಈ ಮಾತು ಅನ್ವಯಿಸದು. ಉಳಿದವರು “ಇದು ಇಂದೇ ಆಗಬೇಕೋ, ಗುಳಿಗೆ ತೆಗೆದುಕೊಂಡು ನೋಡಬಹುದೋ?” ಎಂದು ಧೈರ್ಯವಾಗಿ ಕೇಳಬೇಕು. ಕೇಳಿದರೆ ಬೇಸರಿಸುವ ವೈದ್ಯರಿದ್ದರೆ ಇನ್ನೊಬ್ಬರನ್ನು ಕಾಣಿ. ಅಂದಹಾಗೆ, ಕೇಂದ್ರ ಸರ್ಕಾರ 2017ರ ಫೆಬ್ರುವರಿಯಲ್ಲಿ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿತು. ಅದಕ್ಕೆ ಮೊದಲು ಒಂದಕ್ಕೆ ಲಕ್ಷಕ್ಕೂ ಮಿಕ್ಕಿ ತೆತ್ತವರಿದ್ದಾರೆ.

ಕಾಲಿನ ನಾಳಕ್ಕೂ ಇದೇ ನ್ಯಾಯ. ನಡೆದಾಗ ಮೀನಖಂಡ ಹಿಡಿಯುವವರಲ್ಲಿ ಹೆಚ್ಚಿನವರಿಗೆ ಬೀಡಿ ಬಿಟ್ಟು ದಿನವೂ ನಡೆಯುವುದೇ ಮೊದಲ ಮದ್ದು. ಮಲಗಿದಾಗಲೂ ಪಾದ ನೋಯುತ್ತಿದ್ದರೆ, ಬೆರಳಿನ ಹುಣ್ಣು ಮಾಯದಿದ್ದರೆ, ಕಪ್ಪಾಗುತ್ತಿದ್ದರೆ ಮಾತ್ರ ತಡಮಾಡುವಂತಿಲ್ಲ.

ಬಿಪಿಗೆ ನಳಿಗೆ

ಈಗ ಜಾಂಬೋಟಿ ಕಡೆಯ ಹಿರಿಯರ ಪ್ರಶ್ನೆ. ಬಿಪಿಗೆ ನಳಿಗೆ ಎರಡು ಬಗೆಯಲ್ಲಿ ಬಳಕೆಯಲ್ಲಿದೆ. ಮೊದಲನೆಯದು ಮೂತ್ರಪಿಂಡದ ನಾಳ ಕಿರಿದಾದಾಗ. ರಕ್ತ ಸಾಲದೆಂದು ತಿಳಿದ ಮೂತ್ರಪಿಂಡ ರೆನಿನ್ ಎಂಬ ರಾಸಾಯನಿಕ ಸುರಿಸಿ ಇಡೀ ಶರೀರದ ಒತ್ತಡವನ್ನು ಏರಿಸುತ್ತದೆ. ಮೂವತ್ತರ ಒಳಗಿನವರಿಗೆ, ವಿಶೇಷವಾಗಿ ಹುಡುಗಿಯರಿಗೆ, ಕಾರಣವಿಲ್ಲದೆ ಬಿಪಿ ಏರಿದರೆ ಇದನ್ನು ಹುಡುಕಲೇಬೇಕು. ಒಂದು ಕೈಯಲ್ಲಿ ನಾಡಿ ಸಿಗದಿದ್ದರಂತೂ ನಾಳಗಳ ಉರಿಯೂತವಾದ ಟಕಾಯಾಸು ರೋಗದ ಸಂಶಯ ಬರಬೇಕು. ಇಂಥ ಎಳೆಯರಲ್ಲಿ ಬಲೂನಿನಿಂದ ಬಹಳ ಉಪಕಾರವಾಗಬಲ್ಲದು. ಆದರೆ ವಯಸ್ಸಾದವರಲ್ಲಿ ಕೊಬ್ಬಿನಿಂದಾದ ತಡೆಗೆ ಸ್ಟೆಂಟ್ ಹಾಕಿ ನೋಡಿದ, 2014ರಲ್ಲಿ ಪ್ರಕಟವಾದ ‘ಕೋರಲ್’ ಅಧ್ಯಯನದಲ್ಲಿ, ಒಳ್ಳೆಯ ಔಷಧೋಪಚಾರಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ.

ಎರಡನೆಯದು ಮೂತ್ರಪಿಂಡದ ನಾಳದ ಸುತ್ತ ಹೆಣೆದಿರುವ ನರಗಳನ್ನು ನಾಳದ ಒಳಗಿನಿಂದಲೇ ಬಿಸಿ ಮಾಡಿ ಮಂಕಾಗಿಸುವ ವಿಧಾನ. ಮೊದಮೊದಲು ಇದರ ಬಗ್ಗೆ ಭಾರಿ ಉತ್ಸಾಹವಿತ್ತು. 2014ರಲ್ಲಿ ಕೆಲವರಿಗೆ ನಿಜವಾದ ಚಿಕಿತ್ಸೆ, ಕೆಲವರಿಗೆ ಬರಿಯ ನಾಟಕದ ಚಿಕಿತ್ಸೆ ಮಾಡಿ ಹೋಲಿಸಿದಾಗ ಇಬ್ಬರಿಗೂ ಬಿಪಿ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು! ಆಮೇಲೆ ಉಪಕರಣ ಸುಧಾರಿಸಿ, ಹೊಸ ಪರೀಕ್ಷೆಗಳು ನಡೆದು, 2023ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂಥ ಎರಡು ಉಪಕರಣಗಳಿಗೆ ಒಪ್ಪಿಗೆ ನೀಡಿತು. ಆದರೂ ನಾಟಕದ ಚಿಕಿತ್ಸೆಗೆ ಹೋಲಿಸಿದರೆ ಸಿಗುವ ಇಳಿತ ಸರಾಸರಿ ಐದಾರು ಅಂಕಿ, ಅಂದರೆ ಸರಿಸುಮಾರು ಒಂದು ಗುಳಿಗೆಯ ಕೆಲಸ. ಮೂರು ಬಗೆಯ ಗುಳಿಗೆಗಳನ್ನು ತಪ್ಪದೆ ತೆಗೆದುಕೊಂಡರೂ ಬಿಪಿ ಬಗ್ಗದವರಿಗೆ ಇದು ಒಂದು ಆಸರೆಯಾದೀತು. ಗುಳಿಗೆಗಳನ್ನು ಚೀಲದಲ್ಲೇ ಇಟ್ಟವರಿಗೆ ಅಲ್ಲ.

ನಮ್ಮ ಹಿರಿಯರಿಗೆ ಬೇಕಾದದ್ದು ಹೊಸ ನಳಿಗೆಯಲ್ಲ. ನನ್ನ ಎದೆ ಧಸಕ್ಕೆಂದದ್ದು ಬಿಪಿಗಾಗಿಯೂ ಅಲ್ಲ. ಎಲ್ಲ ಗುಳಿಗೆಗಳ ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಗುಳಿಗೆಗಳನ್ನೂ ಅವರು ನಿಲ್ಲಿಸಿದ್ದರು. ಸ್ಟೆಂಟ್ ಹೊಸದಾಗಿದ್ದಾಗ ಇವನ್ನು ಬಿಟ್ಟರೆ ಜಾಲರಿಯೊಳಗೇ ರಕ್ತ ಹೆಪ್ಪುಗಟ್ಟಿ ಇನ್ನೊಂದು, ಹೆಚ್ಚಾಗಿ ಮೊದಲಿಗಿಂತ ಭೀಕರವಾದ ಹೃದಯಾಘಾತವಾಗಬಹುದು. ಹೃದಯಾಘಾತವಾದವರಿಗೆ ಸಾಮಾನ್ಯವಾಗಿ ಒಂದು ವರ್ಷ ಎರಡೂ ಬೇಕು, ಅನಂತರ ಒಂದಾದರೂ ಮುಂದುವರಿಯಬೇಕು. ಹಲ್ಲು ಕೀಳಿಸಬೇಕಾದರೂ ಹೃದಯದ ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಏಕೆ ಬಿಟ್ಟಿರಿ ಎಂದೆ. “ಆರಾಮ ಅನ್ನಿಸ್ತು. ಮತ್ತ ಮಳಿಯಾಗ ಔಷಧ ಅಂಗಡಿಗೆ ಬರಾಕ ಬಸ್ ಇರಲಿಲ್ರಿ” ಎಂದರು. ಎರಡನೆಯ ಕಾರಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇಸಿಜಿ ತೆಗೆಸಿ, ಅವರ ಹೃದಯ ತಜ್ಞರೊಡನೆ ಫೋನಿನಲ್ಲಿ ಮಾತನಾಡಿ, ಅಂದೇ ಗುಳಿಗೆಗಳನ್ನು ಮತ್ತೆ ಆರಂಭಿಸಿದೆವು. ಬಿಪಿಯ ಎರಡು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಸಿಗುವಂತೆ ಬದಲಿಸಿದ್ದರಿಂದ ಎಣಿಕೆ ಕಡಿಮೆಯಾಯಿತು. ಹಪ್ಪಳ, ಉಪ್ಪಿನಕಾಯಿ, ಒಣಮೀನು ಬದಿಗಿಡಲು ಹೇಳಿದೆ. ಒಣಮೀನಿನ ಮಾತಿಗೆ ಪತ್ನಿ ತಲೆಯಾಡಿಸಿದರು, ಅವರು ಆಡಿಸಲಿಲ್ಲ. ಮಳೆಗಾಲಕ್ಕೆಂದು ಎರಡು ತಿಂಗಳ ಗುಳಿಗೆ ಒಮ್ಮೆಲೇ ಬರೆದುಕೊಟ್ಟು, ಮುಂದಿನ ಸಲ ಖಾಲಿ ಪಟ್ಟಿಗಳನ್ನೂ ತರಲು ತಿಳಿಸಿದೆ.

ದಸರೆಯ ಮುಂಚೆ ಬಂದರು. ಬಿಪಿ 138/84. ಪಟ್ಟಿಗಳನ್ನು ಮೇಜಿನ ಮೇಲೆ ಸುರುವಿ, ಎಣಿಸಿ ನೋಡಿಕೊಳ್ಳಿ ಎಂದರು. ಎಣಿಸಿದೆ. ಎರಡು ಗುಳಿಗೆ ಉಳಿದಿದ್ದವು.