ರೈಫಲ್ ಶಬ್ದಶಾಮಕ ಮತ್ತು ಗುಂಡಿನ ವೇಗ

ರೈಫಲ್ ಶಬ್ದಶಾಮಕ ಅಥವಾ ಸಪ್ರೆಸರ್ ಎಂಬುದು ರೈಫಲಿನ ನಳಿಕೆಯ ತುದಿಗೆ ಜೋಡಿಸುವ, ಗುಂಡು ಹಾರಿದಾಗ ಹೊಮ್ಮುವ ಸದ್ದನ್ನು ತಗ್ಗಿಸುವ ಕೊಳವೆಯಾಕಾರದ ಉಪಕರಣ. ಬಳಕೆಯ ಮಾತಿನಲ್ಲಿ ಇದನ್ನು ಸೈಲೆನ್ಸರ್ ಎನ್ನುತ್ತಾರೆ. ಇದರ ಫಲ ಉಪಕರಣದ ರಚನೆಯನ್ನು ಮಾತ್ರವಲ್ಲ, ಬಳಸುವ ಗುಂಡಿನ ವೇಗವನ್ನೂ ಅವಲಂಬಿಸಿದೆ. ಶಬ್ದಕ್ಕಿಂತ ವೇಗವಾಗಿ ಸಾಗುವ ಗುಂಡನ್ನು ಶಬ್ದಾತೀತ ಅಥವಾ ಸೂಪರ್‌ಸಾನಿಕ್ ಎಂದೂ, ಶಬ್ದಕ್ಕಿಂತ ನಿಧಾನವಾಗಿ ಸಾಗುವುದನ್ನು ಸಬ್‌ಸಾನಿಕ್ ಎಂದೂ ಕರೆಯಲಾಗುತ್ತದೆ.

ಹಿನ್ನೆಲೆ

ಮಾರಾಟದಲ್ಲಿ ಯಶಸ್ವಿಯಾದ ಮೊದಲ ಶಬ್ದಶಾಮಕವನ್ನು ರೂಪಿಸಿದವನು ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಮ್. ಇದಕ್ಕೆ ಅವನು 1909ರಲ್ಲಿ ಪೇಟೆಂಟ್ ಪಡೆದನು. ಮ್ಯಾಕ್ಸಿಮ್ ಮೆಷಿನ್ ಗನ್ನನ್ನು ಕಂಡುಹಿಡಿದ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್ ಇವನ ತಂದೆ. ತಂದೆಯ ಆವಿಷ್ಕಾರ ಕಿವಿಗಡಚಿಕ್ಕುವಂಥದ್ದು, ಮಗನದು ಸದ್ದಡಗಿಸುವಂಥದ್ದು! ಇದೇ ತತ್ತ್ವದ ಸೈಲೆನ್ಸರುಗಳನ್ನು ಇಂದು ಮೋಟಾರು ವಾಹನಗಳಲ್ಲಿ ಎಲ್ಲರೂ ಕಾಣಬಹುದು.

ಸದ್ದಿನ ಮೂಲಗಳು

ಬಂದೂಕಿನ ಸದ್ದು ಒಂದೇ ಸದ್ದಲ್ಲ. ಮದ್ದು ಉರಿದು ಉಂಟಾದ ಅನಿಲವು ಗುಂಡಿನ ಹಿಂದೆಯೇ ಅತಿಯಾದ ಒತ್ತಡದಿಂದ ನಳಿಕೆಯ ಬಾಯಿಯಲ್ಲಿ ಹೊರನುಗ್ಗಿ ದಿಢೀರನೆ ಹಿಗ್ಗುವುದು ಮೊದಲನೆಯದು. ಗುಂಡು ಶಬ್ದಾತೀತವಾಗಿದ್ದರೆ ಅದು ಗಾಳಿಯನ್ನು ಸೀಳುವಾಗ ಏಳುವ ಆಘಾತ ತರಂಗ ಎರಡನೆಯದು. ಬಂದೂಕಿನ ಯಂತ್ರಭಾಗಗಳ ಸದ್ದು ಮೂರನೆಯದು, ಇವೆರಡರ ಮುಂದೆ ಅದು ಅಲ್ಪ.

ಶಬ್ದಶಾಮಕವು ಹಿಡಿಯಬಲ್ಲದ್ದು ಮೊದಲನೆಯದನ್ನು ಮಾತ್ರ. ಅದರೊಳಗೆ ಸಾಲಾಗಿರುವ ತಡೆಬಿಲ್ಲೆಗಳು ಅನಿಲವನ್ನು ಕೋಣೆಯಿಂದ ಕೋಣೆಗೆ ಸುತ್ತಿಸಿ, ತಣಿಸಿ, ತುಸು ತಡವಾಗಿ ಹೊರಬಿಡುತ್ತವೆ. ಊದಿದ ಬಲೂನಿಗೆ ಸೂಜಿ ಚುಚ್ಚುವುದಕ್ಕೂ ಬಾಯಿಯ ಗಂಟನ್ನು ಸಡಿಲಿಸುವುದಕ್ಕೂ ಇರುವ ಅಂತರವೇ ಇಲ್ಲಿಯದು.

ಶಬ್ದಾತೀತ ಗುಂಡಿನೊಡನೆ

ಬಹುತೇಕ ರೈಫಲುಗಳ ಗುಂಡು ಶಬ್ದಾತೀತ. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 5.56 ಮಿ.ಮೀ. ನ್ಯಾಟೋ ತೋಟಾದ ಗುಂಡಾದರೋ ಸೆಕೆಂಡಿಗೆ 900 ಮೀಟರಿಗೂ ಹೆಚ್ಚು ವೇಗದಿಂದ ಹೊರಡುತ್ತದೆ. ಅದರ ಆಘಾತ ತರಂಗವು ವೇಗದ ದೋಣಿಯ ಹಿಂದೆ ಹರಡುವ ಅಲೆಯಂತೆ ಶಂಕುವಿನಾಕಾರದಲ್ಲಿ ಗುಂಡಿನ ಜೊತೆಗೇ ಸಾಗುತ್ತದೆ. ಚಾವಟಿಯನ್ನು ಬೀಸಿದಾಗ ಕೇಳುವ ‘ಛಟೀರ್’ ಸದ್ದು ಇದೇ ಜಾತಿಯದು, ಅಲ್ಲಿಯೂ ಚಾವಟಿಯ ತುದಿ ಶಬ್ದದ ವೇಗವನ್ನು ಮೀರಿರುತ್ತದೆ. ನಳಿಕೆಯನ್ನು ಬಿಟ್ಟ ಮೇಲೆ ದಾರಿಯುದ್ದಕ್ಕೂ ಹುಟ್ಟುವ ಈ ಸದ್ದನ್ನು ನಳಿಕೆಯ ತುದಿಯಲ್ಲಿರುವ ಯಾವ ಉಪಕರಣವೂ ತಡೆಯಲಾರದು.

ಹಾಗೆಂದು ಶಬ್ದಶಾಮಕ ವ್ಯರ್ಥವಲ್ಲ. ಸಾಮಾನ್ಯ ರೈಫಲಿನ ಸದ್ದು ಸುಮಾರು 160 ಡೆಸಿಬೆಲ್. ಒಳ್ಳೆಯ ಶಬ್ದಶಾಮಕವು ಅದನ್ನು 20ರಿಂದ 35 ಡೆಸಿಬೆಲ್‌ಗಳಷ್ಟು ಇಳಿಸುತ್ತದೆ. ಡೆಸಿಬೆಲ್ ಲಘುಗಣಕದ ಅಳತೆಯಾದುದರಿಂದ 30ರ ಇಳಿಕೆಯೆಂದರೆ ಶಬ್ದದ ತೀವ್ರತೆ ಸಾವಿರದಲ್ಲೊಂದು ಪಾಲಾಗುವುದು. ಕ್ಷಣಿಕ ಸ್ಫೋಟದ ಸದ್ದಿಗೆ 140 ಡೆಸಿಬೆಲ್ ಸುರಕ್ಷತೆಯ ಮಿತಿಯೆಂದು ಪರಿಗಣಿಸಲಾಗಿದೆ. ಆದ್ದರಿಂದ ಬೇಟೆಗಾರರ ಹಾಗೂ ಸೈನಿಕರ ಕಿವಿಗೆ ಇದರಿಂದ ನಿಜವಾದ ರಕ್ಷಣೆಯಿದೆ. ಆದರೂ ಉಳಿಯುವ ಸದ್ದು ಸಣ್ಣದಲ್ಲ, ಕಿವಿಗೆ ಬೇರೆ ರಕ್ಷಣೆಯೂ ಬೇಕು. ಚಲನಚಿತ್ರಗಳಲ್ಲಿ ಕೇಳಿಸುವ ಪಿಸುಮಾತಿನಂಥ ‘ಫುಟ್’ ಕೇವಲ ಕಲ್ಪನೆ.

ಇನ್ನೊಂದು ಪರಿಣಾಮವೂ ಉಂಟು. ಗುಂಡು ಸಾಗುವ ದಿಕ್ಕಿನಲ್ಲಿರುವವರಿಗೆ ಮೊದಲು ಆಘಾತದ ಸದ್ದು, ಅನಂತರ ನಳಿಕೆಯ ಸದ್ದು ಕೇಳಿಸುತ್ತದೆ. ಎರಡನೆಯದು ಕುಗ್ಗಿದಾಗ ಗುಂಡು ಎಲ್ಲಿಂದ ಬಂತೆಂದು ಗುರುತಿಸುವುದು ಕಷ್ಟ. ಸೇನೆಗಳ ಆಸಕ್ತಿಗೆ ಇದೂ ಒಂದು ಕಾರಣ.

ಸಬ್‌ಸಾನಿಕ್ ಗುಂಡಿನೊಡನೆ

ಗುಂಡಿನ ವೇಗ ಶಬ್ದದ ವೇಗಕ್ಕಿಂತ ಕಡಿಮೆಯಿದ್ದರೆ ಆಘಾತ ತರಂಗವೇ ಹುಟ್ಟುವುದಿಲ್ಲ. ಮದ್ದೂ ಕಡಿಮೆಯಿರುವುದರಿಂದ ಶಬ್ದಶಾಮಕದ ಕೆಲಸ ಹಗುರವಾಗುತ್ತದೆ, ಯಂತ್ರಭಾಗಗಳ ಸದ್ದೇ ಎದ್ದು ಕೇಳುವಂತಾಗುತ್ತದೆ. ಆದರೆ ಶಬ್ದದ ವೇಗ ಸ್ಥಿರವಲ್ಲ. 0 ಡಿಗ್ರಿಯಲ್ಲಿ ಅದು ಸುಮಾರು 331 ಮೀಟರಿಗೆ ಇಳಿಯುತ್ತದೆ. ಸೆಕೆಂಡಿಗೆ 340 ಮೀಟರ್ ವೇಗದ ಗುಂಡು ಬೇಸಿಗೆಯಲ್ಲಿ ಸಬ್‌ಸಾನಿಕ್ ಆಗಿದ್ದು ಹಿಮಗಾಲದಲ್ಲಿ ಶಬ್ದಾತೀತವಾಗಿಬಿಡಬಹುದು. ಆದ್ದರಿಂದ ಇಂಥ ತೋಟಾಗಳ ವೇಗವನ್ನು ಸಾಕಷ್ಟು ಕೆಳಗೆ, 300 ಮೀಟರಿನ ಆಸುಪಾಸಿನಲ್ಲಿ ಇರಿಸಲಾಗುತ್ತದೆ.

ಈ ಮೌನಕ್ಕೆ ತೆರಬೇಕಾದ ಬೆಲೆ ಶಕ್ತಿ. ಚಲನಶಕ್ತಿ ವೇಗದ ವರ್ಗವನ್ನು ಅನುಸರಿಸುವುದರಿಂದ ವೇಗ ಅರ್ಧವಾದರೆ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಇದನ್ನು ಸ್ವಲ್ಪವಾದರೂ ತುಂಬಿಕೊಳ್ಳಲು ಗುಂಡನ್ನು ಭಾರವಾಗಿಸುತ್ತಾರೆ. ಪಥವೂ ಬಾಗುತ್ತದೆ: ಸೆಕೆಂಡಿಗೆ 300 ಮೀಟರ್ ವೇಗದ ಗುಂಡು 100 ಮೀಟರ್ ದೂರ ತಲುಪುವಷ್ಟರಲ್ಲಿ ಗುರುತ್ವದಿಂದ ಅರ್ಧ ಮೀಟರಿಗೂ ಹೆಚ್ಚು, 200 ಮೀಟರ್ ತಲುಪುವಷ್ಟರಲ್ಲಿ ಎರಡು ಮೀಟರಿಗೂ ಹೆಚ್ಚು ಕುಸಿಯುತ್ತದೆ. ಅನಿಲದ ಒತ್ತಡ ಸಾಲದೆ ಸ್ವಯಂಚಾಲಿತ ಬಂದೂಕುಗಳು ಮುಂದಿನ ತೋಟಾವನ್ನು ತುಂಬಿಕೊಳ್ಳದಿರುವುದೂ ಉಂಟು.

ಕೆಲವು ಉದಾಹರಣೆಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಬಳಸಿದ ಡಿ ಲೈಲ್ ಕಾರ್ಬೈನ್ ಈ ತರ್ಕಕ್ಕೆ ಮಾದರಿಯಾಗಿದೆ. ನಮ್ಮ ಪೊಲೀಸರ ಕೈಯಲ್ಲಿ ಬಹುಕಾಲ ಕಾಣುತ್ತಿದ್ದ ‘ತ್ರೀ ನಾಟ್ ತ್ರೀ’ ಲೀ-ಎನ್‌ಫೀಲ್ಡ್ ಬಂದೂಕಿನದೇ ಯಂತ್ರಭಾಗ ಇದಕ್ಕೂ ಇತ್ತು. ಆದರೆ ಮೂಲ ಬಂದೂಕಿನ ಶಬ್ದಾತೀತ ತೋಟಾವನ್ನು ಕೈಬಿಟ್ಟು, ಸ್ವಭಾವತಃ ಸಬ್‌ಸಾನಿಕ್ ಆದ .45 ಪಿಸ್ತೂಲು ತೋಟಾವನ್ನು ಇದಕ್ಕೆ ಅಳವಡಿಸಲಾಯಿತು. ಸೋವಿಯತ್ ಒಕ್ಕೂಟವು ವಿಎಸ್‌ಎಸ್ ವಿಂತೊರೆಜ್ ರೈಫಲಿಗಾಗಿ ಸುಮಾರು 16 ಗ್ರಾಂ ತೂಕದ ಗುಂಡುಳ್ಳ 9×39 ಮಿ.ಮೀ. ತೋಟಾವನ್ನೇ ಹೊಸದಾಗಿ ರೂಪಿಸಿತು. ಅಮೆರಿಕದ .300 ಬ್ಲ್ಯಾಕ್‌ಔಟ್ ತೋಟಾ ಎರಡೂ ಬಗೆಯಲ್ಲಿ ದೊರೆಯುತ್ತದೆ. ಒಂದೇ ರೈಫಲಿನಿಂದ ಸುಮಾರು 14 ಗ್ರಾಂ ತೂಕದ ಸಬ್‌ಸಾನಿಕ್ ಗುಂಡನ್ನೂ ಅದರ ಅರ್ಧದಷ್ಟೇ ತೂಕದ ಶಬ್ದಾತೀತ ಗುಂಡನ್ನೂ ಹಾರಿಸಬಹುದು. ಹಗುರವಾದ ಗುಂಡಿನ ಶಕ್ತಿ ಭಾರವಾದುದರ ಎರಡು ಪಟ್ಟಿಗೂ ಹೆಚ್ಚು.